ಬೇಸಿಗೆಯ ಹೊಳೆಯಲ್ಲಿ ಉಳಿಯುವ ಆಮ್ಲಜನಕ: ಸಣ್ಣ ಊರಿನ ಕೊಳಚೆ ನೀರಿನ ಘಟಕದ ಕೆಲಸ

ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ ತಾಲೂಕಿನ ಹೊಳೆದಂಡೆಯ ಹಳ್ಳಿಗಳಲ್ಲಿ ಕೊಳಚೆ ನೀರಿನ ಶುದ್ಧೀಕರಣದ ಮಾತು ಬಂದಾಗಲೆಲ್ಲ ಜನ ಕೇಳುವ ಪ್ರಶ್ನೆ ಒಂದೇ: ಘಟಕ ಚಾಲೂ ಇದೆಯೋ, ಬಂದ್ ಇದೆಯೋ? ಈ ಗಡಿ ಸೀಮೆಯ ಒಂದು ಸಣ್ಣ ನಗರಪರಿಷತ್ತಿನ ಘಟಕದ ಪ್ರಯೋಗಾಲಯದಲ್ಲಿ ಹಲವು ವರ್ಷ ದುಡಿದ ನನಗೆ ಈ ಪ್ರಶ್ನೆ ಸಾಲದು ಎನಿಸುತ್ತದೆ. ಪಂಪು ತಿರುಗುತ್ತಿರುತ್ತದೆ, ಟಾಕಿಯಲ್ಲಿ ನೊರೆ ಏಳುತ್ತಿರುತ್ತದೆ, ಹೊರಬೀಳುವ ನೀರು ಕಣ್ಣಿಗೆ ತಿಳಿಯಾಗಿಯೇ ಕಾಣುತ್ತದೆ. ಆದರೂ ಕೆಳಗಿನ ಬಾಂದಾರದ, ಅಂದರೆ ಹೊಳೆಗೆ ಅಡ್ಡ ಕಟ್ಟಿದ ಸಣ್ಣ ಒಡ್ಡಿನ, ಹಿಂದೆ ಮೀನು ಸತ್ತು ತೇಲುವುದು ಸಾಧ್ಯ. ಆ ನೀರು ಹೊಳೆಗೆ ಬಿದ್ದ ಮೇಲೆ, ಮುಂದಿನ ಬಾಂದಾರದಲ್ಲಿ ಬೆಳಗಿನ ಜಾವ ಎಷ್ಟು ಆಮ್ಲಜನಕ ಉಳಿದಿರುತ್ತದೆ ಎಂದು ಕೇಳಿದರೆ ಮಾತ್ರ ಘಟಕದ ಯೋಗ್ಯತೆ ತಿಳಿಯುತ್ತದೆ.

ನಮ್ಮ ಹೊಳೆಗಳ ಸ್ವಭಾವವನ್ನು ಮೊದಲು ಹೇಳಬೇಕು. ಹಿರಣ್ಯಕೇಶಿ ಅಂಬೋಲಿಯ ಘಟ್ಟದಲ್ಲಿ ಹುಟ್ಟಿ, ಆಜರಾ ಮತ್ತು ಗಡಹಿಂಗ್ಲಜಗಳನ್ನು ದಾಟಿ, ರಾಜ್ಯದ ಗಡಿಯಾಚೆ ಸಂಕೇಶ್ವರದ ಬಳಿ ಹರಿದು ಮುಂದೆ ಘಟಪ್ರಭೆಯನ್ನು ಸೇರುತ್ತದೆ. ಆಷಾಢದಲ್ಲಿ ದಂಡೆ ಮೀರಿ ಬರುವ ಇದೇ ಹೊಳೆ ಚೈತ್ರ, ವೈಶಾಖಗಳಲ್ಲಿ ಹರಿಯುವುದನ್ನೇ ಮರೆತಿರುತ್ತದೆ. ಮಳೆಗಾಲ ಮುಗಿದ ಮೇಲೆ ಕೊಲ್ಹಾಪುರ ಮಾದರಿಯ ಬಾಂದಾರಗಳ ಕಂಬಗಳ ನಡುವೆ ಹಲಗೆ ಕೂಡಿಸಿ ನೀರು ನಿಲ್ಲಿಸುತ್ತಾರೆ. ಮೇಲಿನ ಧರಣದಿಂದ (ಅಣೆಕಟ್ಟಿನಿಂದ) ಸರದಿಯ ನೀರು ಬಿಟ್ಟಾಗ ಹೊಳೆ ನಾಲ್ಕು ದಿನ ಜೀವ ತಳೆದು, ಮತ್ತೆ ಸಾಲುಸಾಲು ಕೆರೆಗಳಂತೆ ನಿಂತುಬಿಡುತ್ತದೆ. ಕಬ್ಬಿನ ಹೊಲದ ಪಂಪುಗಳು, ಊರಿಗೆ ಕುಡಿಯುವ ನೀರೆತ್ತುವ ಬಾವಿಯಾದ ಜಾಕ್‌ವೆಲ್, ದನದ ಮೈ ತೊಳೆಯುವ ಜಾಗ ಎಲ್ಲವೂ ಈ ನಿಂತ ನೀರನ್ನೇ ನಂಬಿಕೊಂಡಿವೆ. ಅಂತಹ ಮಡುವಿಗೆ ಮೇಲಿನ ಊರಿನ ಗಟಾರದ ನೀರು ದಿನವೂ ಬಂದು ಸೇರಿದರೆ, ಅದನ್ನು ತೆಳುಮಾಡಲು ಹೊಳೆಯಲ್ಲಿ ಬೇರೆ ನೀರೇ ಇರುವುದಿಲ್ಲ.

ಹೊಳೆಗೆ ಬಿಡುವ ನೀರಿನ ಮಾನದಂಡಗಳ ಚರಿತ್ರೆಯಲ್ಲಿ ಈ ತೆಳುಮಾಡುವಿಕೆಯ ಲೆಕ್ಕ ಮೊದಲಿನಿಂದಲೂ ಇದೆ. ಬ್ರಿಟನ್ನಿನ ರಾಯಲ್ ಕಮಿಷನ್ 1912ರಲ್ಲಿ, ಶುದ್ಧೀಕರಿಸಿದ ನೀರಿನ ಬಿಒಡಿ, ಅಂದರೆ ಸೂಕ್ಷ್ಮಜೀವಿಗಳು ಅದರಲ್ಲಿನ ಹೊಲಸನ್ನು ತಿಂದು ಮುಗಿಸುವಾಗ ಬಳಸುವ ಆಮ್ಲಜನಕ, ಲೀಟರಿಗೆ 20 ಮಿಲಿಗ್ರಾಂ ದಾಟಬಾರದೆಂದು ಸೂಚಿಸಿತು. ಆ 20 ಎಂಬ ಅಂಕಿಯ ಹಿಂದೆ ಒಂದು ಷರತ್ತಿತ್ತು: ಘಟಕದ ಒಂದು ಪಾಲು ನೀರಿಗೆ ಹೊಳೆಯ ಎಂಟು ಪಾಲು ಒಳ್ಳೆಯ ನೀರು ಸಿಗಬೇಕು. ಹೊಳೆಯ ಬಿಒಡಿ 2 ಇದ್ದರೆ, ಎಂಟು ಪಾಲಿಗೆ 16, ಘಟಕದ ಒಂದು ಪಾಲಿಗೆ 20, ಒಟ್ಟು 36ನ್ನು ಒಂಬತ್ತು ಪಾಲಿಗೆ ಹಂಚಿದರೆ 4 ಬರುತ್ತದೆ. ಅಷ್ಟನ್ನು ಹೊಳೆ ತಾಳಿಕೊಳ್ಳುತ್ತದೆ ಎಂಬುದು ಆಗಿನ ಎಣಿಕೆ. ನಮ್ಮಲ್ಲಿ ಕೇಂದ್ರ ಪರಿಸರ ಸಚಿವಾಲಯದ 2017ರ ಅಕ್ಟೋಬರ್ ಅಧಿಸೂಚನೆ ಮಹಾನಗರಗಳಿಗೆ 20, ಉಳಿದ ಊರುಗಳಿಗೆ 30 ಎಂದು ಮಿತಿ ಹಾಕಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ ಇದನ್ನು 10ಕ್ಕೆ ಇಳಿಸಬೇಕೆಂದು ಹೇಳಿತು. ಸಣ್ಣ ಊರಿನ ಹೊಳೆಯೇ ಬೇಸಿಗೆಯಲ್ಲಿ ಬೇಗ ಬತ್ತುವಾಗ, ಸಣ್ಣ ಊರಿಗೇ ಸಡಿಲವಾದ ಮಿತಿ ಇಟ್ಟದ್ದು ನನಗೆ ಎಂದೂ ಸರಿಕಂಡಿಲ್ಲ.

ಅಂಕಿಗಳನ್ನು ತೂಕಕ್ಕೆ ಇಳಿಸಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. 30,000 ಜನರ ಒಂದು ಊರು ಎಂದಿಟ್ಟುಕೊಳ್ಳೋಣ. ಒಳಚರಂಡಿಯ ಯೋಜನೆಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಕೊಟ್ಟು, ಅದರಲ್ಲಿ ನೂರಕ್ಕೆ 80 ಪಾಲು ಕೊಳಚೆಯಾಗಿ ಮರಳುತ್ತದೆಂದು ಹಿಡಿಯುತ್ತಾರೆ. ಅಂದರೆ ದಿನಕ್ಕೆ ಸುಮಾರು 32 ಲಕ್ಷ ಲೀಟರ್. ತಲೆಗೆ 27 ಗ್ರಾಂ ಬಿಒಡಿ ಎಂಬ ರೂಢಿಯ ಲೆಕ್ಕದಲ್ಲಿ ಊರಿನ ಒಟ್ಟು ಹೊರೆ ದಿನಕ್ಕೆ 810 ಕಿಲೋ. 30 ಡಿಗ್ರಿ ಬೆಚ್ಚಗಿರುವ ಹೊಳೆಯ ನೀರು ಎಷ್ಟೇ ಚೊಕ್ಕಟವಾಗಿದ್ದರೂ ಲೀಟರಿಗೆ ಏಳೂವರೆ ಮಿಲಿಗ್ರಾಮಿಗಿಂತ ಹೆಚ್ಚು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಲಾರದು. ಹಾಗಾಗಿ ಆ 810 ಕಿಲೋ ಆಮ್ಲಜನಕದ ಬೇಡಿಕೆ ತೀರಬೇಕಾದರೆ ಸುಮಾರು 10.8 ಕೋಟಿ ಲೀಟರ್ ನೀರಿನಲ್ಲಿರುವ ಆಮ್ಲಜನಕವೆಲ್ಲ ಬರಿದಾಗಬೇಕು, ಅದೂ ಒಂದೇ ದಿನದ ಹೊರೆಗೆ. ಗಾಳಿಯಿಂದ ನೀರು ಮರಳಿ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ ನಿಜ, ಆದರೆ ಕಲ್ಲುಗಳ ಮೇಲೆ ಧುಮುಕಿ ಹರಿಯುವ ನೀರಿಗೆ ಇರುವ ಆ ಶಕ್ತಿ ಬಾಂದಾರದ ಹಿಂದೆ ನಿಂತ ನೀರಿಗೆ ಇಲ್ಲ. ಮೇಲೆ ಅಂತರಗಂಗೆ ಹಬ್ಬಿಕೊಂಡಿದ್ದರೆ ಹೇಳುವುದೇ ಬೇಡ.

ಘಟಕ ಮಾಡುವ ಕೆಲಸವೆಂದರೆ, ಹೊಳೆಯಲ್ಲಿ ನಡೆಯಬೇಕಾಗಿದ್ದ ಈ ಉಣ್ಣುವಿಕೆಯನ್ನು ಸಿಮೆಂಟಿನ ಟಾಕಿಯೊಳಗೆ, ಕರೆಂಟಿನ ಖರ್ಚಿನಲ್ಲಿ ಮುಗಿಸಿಬಿಡುವುದು. ಬರುವ ನೀರಿನ ದಾರಿಯಲ್ಲಿ ಮೊದಲು ಜಾಳಿಗೆ ಇರುತ್ತದೆ. ಗುಟಕಾ ಚೀಟಿ, ಬಟ್ಟೆಯ ಚಿಂದಿ, ಶಾಂಪೂ ಪಾಕೀಟು, ದೇವರ ಹೂವು ಅಲ್ಲಿ ನಿಲ್ಲುತ್ತವೆ. ಅದರ ಮುಂದೆ ಉಸುಕು ಕೂಡುವ ಕಾಲುವೆ. ಇವೆರಡೂ ಕಾಪಾಡುವುದು ಪಂಪುಗಳನ್ನು. ಹೊಳೆಗೆ ಇವುಗಳಿಂದ ಆಗುವ ಲಾಭ ಅಲ್ಪ. ನಿಜವಾದ ಕೆಲಸ ಗಾಳಿ ಊದುವ ಟಾಕಿಯಲ್ಲಿದೆ. 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು, ಕೊಳಚೆಗೆ ಗಾಳಿ ಊದಿ, ತಳಕ್ಕೆ ಕೂತ ಕೆಸರನ್ನು ಚೆಲ್ಲದೆ ಉಳಿಸಿಕೊಂಡು, ಅದರ ಮೇಲೆ ಮತ್ತೆ ಹೊಸ ಕೊಳಚೆ ಹೊಯ್ಯುತ್ತ ಹೋದರೆ ಶುದ್ಧಿಯ ವೇಗ ಬಹಳ ಹೆಚ್ಚುತ್ತದೆ ಎಂದು ತೋರಿಸಿದರು. ಆ ಕೆಸರು ಬದುಕಿರುವ ಸೂಕ್ಷ್ಮಜೀವಿಗಳ ಮುದ್ದೆ. ನೂರು ವರ್ಷ ದಾಟಿದರೂ ನಮ್ಮ ಸಣ್ಣ ಊರುಗಳ ಹೆಚ್ಚಿನ ಯಂತ್ರಚಾಲಿತ ಘಟಕಗಳು, ಹೆಸರು ಒಂದೇ ಟಾಕಿಯಲ್ಲಿ ಸರದಿಯಂತೆ ಗಾಳಿ ಊದಿ ಕೆಸರು ಇಳಿಸುವ ಎಸ್‌ಬಿಆರ್ ಎಂದಿರಲಿ ಬೇರೇನೇ ಇರಲಿ, ಇದೇ ತತ್ವದ ಮೇಲೆ ನಡೆಯುತ್ತವೆ.

ಈ ಮುದ್ದೆಯನ್ನು ಜೀವಂತವಾಗಿ ಇಡುವುದು ಹಿಟ್ಟಿನ ಹುಳಿಯನ್ನು ದಿನವೂ ಉಳಿಸಿಕೊಂಡು ಬರುವಂತಹ ಕೆಲಸ; ಒಂದು ದಿನದ ಅಲಕ್ಷ್ಯಕ್ಕೆ ವಾರದ ದಂಡ ತೆರಬೇಕಾಗುತ್ತದೆ. ಟಾಕಿಯ ನೀರಿನಲ್ಲಿ ಹಗಲಿರುಳು ಲೀಟರಿಗೆ ಒಂದೆರಡು ಮಿಲಿಗ್ರಾಂ ಆಮ್ಲಜನಕ ಇದ್ದೇ ಇರಬೇಕು. ಅದಕ್ಕೆ ಬ್ಲೋವರ್ ನಡೆಯಬೇಕು, ಮತ್ತು ಘಟಕದ ಕರೆಂಟಿನ ಬಿಲ್ಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಈ ಗಾಳಿಗೇ ಹೋಗುತ್ತದೆ. ಹೀಗಾಗಿ ಖರ್ಚು ಕಡಿಮೆ ಮಾಡಬೇಕೆಂದು ಮೇಲಿನಿಂದ ಹೇಳಿಕೆ ಬಂದ ದಿನ, ಯಾರೂ ನೋಡದ ರಾತ್ರಿಯ ಹೊತ್ತಿನಲ್ಲಿ ಮೊದಲು ನಿಲ್ಲುವುದು ಬ್ಲೋವರ್. ನಮ್ಮ ಘಟಕದಲ್ಲಿ ಹಗಲು ಪಾಳಿಯ ಆಪರೇಟರ್ ಕಾಕಾ ಒಬ್ಬರಿದ್ದರು. ಗೇಟಿನೊಳಗೆ ಕಾಲಿಡುತ್ತಲೇ ಮೂಗು ಅರಳಿಸಿ, ‘ಸರ್, ಇವತ್ತ ಟಾಕಿ ವಾಸನಿ ಬ್ಯಾರೆ ಐತ್ರಿ, ರಾತ್ರಿ ಗಾಳಿ ನಿಂತಿರಬೇಕ ನೋಡ್ರಿ’ ಎನ್ನುತ್ತಿದ್ದರು. ಲಾಗ್‌ಬುಕ್ಕಿನಲ್ಲಿ ಬ್ಲೋವರ್ ರಾತ್ರಿಯಿಡೀ ನಡೆದದ್ದಾಗಿ ಬರೆದಿರುತ್ತಿತ್ತು. ನಾನು ಅಳೆದು ನೋಡಿದಾಗ ಕಾಕಾನ ಮೂಗೇ ಗೆಲ್ಲುತ್ತಿತ್ತು. ಆರೋಗ್ಯವಾಗಿರುವ ಟಾಕಿಗೆ ಮಳೆ ಬಿದ್ದ ಮಣ್ಣಿನ ವಾಸನೆ ಇರುತ್ತದೆ. ಗಾಳಿ ತಪ್ಪಿದ ಟಾಕಿ ಕೊಳೆತ ಮೊಟ್ಟೆಯಂತೆ ನಾರುತ್ತದೆ.

ರಾತ್ರಿ ಗಾಳಿ ನಿಂತರೆ ಬಿಒಡಿ ಒಮ್ಮೆಲೇ ಕೆಡುವುದಿಲ್ಲ, ಮಿತಿಯೊಳಗೇ ಉಳಿಯಬಹುದು. ಕೆಡುವುದು ಅಮೋನಿಯ, ಮತ್ತು ಸಣ್ಣ ಘಟಕಗಳ ಬಗೆಗಿನ ಚರ್ಚೆಯಲ್ಲಿ ಬಿಟ್ಟುಹೋಗುವ ಅಧ್ಯಾಯ ಇದೇ. ಹೊಲಸು ತಿನ್ನುವ ಸಾಮಾನ್ಯ ಬ್ಯಾಕ್ಟೀರಿಯಾಗಳು ಕೆಲವೇ ಗಂಟೆಗಳಲ್ಲಿ ಇಮ್ಮಡಿಯಾಗುತ್ತವೆ; ಮೂತ್ರದಿಂದ ಬಂದ ಅಮೋನಿಯವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಬಹಳ ನಿಧಾನವಾಗಿ ಬೆಳೆಯುತ್ತವೆ, ಅವುಗಳಿಗೆ ಗಾಳಿಯೂ ಹೆಚ್ಚು ಬೇಕು. ಗಾಳಿ ಕಡಿಮೆಯಾದರೆ ಮೊದಲು ಕೈಚೆಲ್ಲುವವು ಇವೇ. ಕೆಸರನ್ನು ಅಳತೆ ಮೀರಿ ಹೊರಗೆ ಹಾಕಿದರೂ ಇವೇ ಮೊದಲು ಕಳೆದುಹೋಗುತ್ತವೆ. ಒಂದು ಗ್ರಾಂ ಅಮೋನಿಯ ನೈಟ್ರೊಜನ್ ನೈಟ್ರೇಟ್ ಆಗಲು 4.57 ಗ್ರಾಂ ಆಮ್ಲಜನಕ ಬೇಕು. ನಮ್ಮ ಲೆಕ್ಕದ ಊರಿನ 32 ಲಕ್ಷ ಲೀಟರ್ ನೀರಿನಲ್ಲಿ ಲೀಟರಿಗೆ 30 ಮಿಲಿಗ್ರಾಂ ಅಮೋನಿಯ ನೈಟ್ರೊಜನ್ ಹಾಗೆಯೇ ಹೊರಬಿದ್ದರೆ ಅದು ಹೊಳೆಯಿಂದ ಕೇಳುವ ಆಮ್ಲಜನಕ ದಿನಕ್ಕೆ 440 ಕಿಲೋಗೆ ಹತ್ತಿರ. ಅದೇ ನೀರಿನಲ್ಲಿ ಬಿಒಡಿ 30 ಎಂದು ಪಾಸಾಗಿದ್ದರೆ ಅದರ ಬೇಡಿಕೆ 97 ಕಿಲೋ ಮಾತ್ರ. ನಮ್ಮ ದೇಶದಲ್ಲಿ ಬಿಒಡಿಯನ್ನು 27 ಡಿಗ್ರಿಯಲ್ಲಿ ಮೂರು ದಿನ ಇಟ್ಟು ಅಳೆಯುತ್ತೇವೆ. ನಿಧಾನಗಾರ ಅಮೋನಿಯದ ಬೇಡಿಕೆ ಆ ಮೂರು ದಿನಗಳಲ್ಲಿ ಬಹುಮಟ್ಟಿಗೆ ಮುಖ ತೋರಿಸುವುದಿಲ್ಲ. 2017ರ ಅಧಿಸೂಚನೆಯಲ್ಲಿ ಪಿಎಚ್, ಬಿಒಡಿ, ತೇಲುವ ಕಣ ಮತ್ತು ಮಲದ ಸುಳಿವು ಕೊಡುವ ಬ್ಯಾಕ್ಟೀರಿಯಾಗಳಾದ ಮಲಜನ್ಯ ಕೋಲಿಫಾರ್ಮ್‌ಗಳಿಗಷ್ಟೇ ಮಿತಿ ಇತ್ತು, ಅಮೋನಿಯದ ಸಾಲೇ ಇರಲಿಲ್ಲ. ಹೀಗೆ ಕಾಗದದಲ್ಲಿ ಪಾಸಾದ ನೀರು ಬಾಂದಾರದ ಹಿಂದೆ ಹೋಗಿ ಬಿಒಡಿಯ ನಾಲ್ಕೂವರೆ ಪಟ್ಟು ಸಾಲವನ್ನು ಹೊಳೆಯ ತಲೆಗೆ ಕಟ್ಟುತ್ತದೆ.

ಅಮೋನಿಯದ ಎರಡನೆಯ ಕೇಡು ಕೆಳಗಿನ ಊರಿನ ನಲ್ಲಿಯಲ್ಲಿ ಕಾಣಿಸಿಕೊಳ್ಳುತ್ತದೆ. ಜಾಕ್‌ವೆಲ್ಲಿನಿಂದ ಎತ್ತಿದ ನೀರಿಗೆ ಕ್ಲೋರಿನ್ ಹಾಕಿದಾಗ ಅದು ಮೊದಲು ಅಮೋನಿಯದೊಂದಿಗೆ ಕೂಡಿ ದುರ್ಬಲವಾದ ಕ್ಲೋರಮೈನ್ ಆಗುತ್ತದೆ. ಅಮೋನಿಯವನ್ನೆಲ್ಲ ಮುಗಿಸಿ ಮುಕ್ತ ಕ್ಲೋರಿನ್ ಉಳಿಯಬೇಕಾದರೆ, ಒಂದು ಮಿಲಿಗ್ರಾಂ ಅಮೋನಿಯ ನೈಟ್ರೊಜನ್ನಿಗೆ ಏಳೂವರೆಯಿಂದ ಹತ್ತು ಮಿಲಿಗ್ರಾಂವರೆಗೆ ಕ್ಲೋರಿನ್ ಸುರಿಯಬೇಕು. ಎಂದಿನ ಪ್ರಮಾಣದಲ್ಲಿ ಬ್ಲೀಚಿಂಗ್ ಪೌಡರ್ ಹಾಕುವ ನೀರುಗಂಟಿಗೆ ಇದು ತಿಳಿಯುವುದು ಹೇಗೆ? ಅವನು ಹಾಕಿದ್ದು ಹಾಕಿಯೇ ಇರುತ್ತಾನೆ, ಕೊನೆಯ ಮನೆಯ ನಲ್ಲಿಯಲ್ಲಿ ಮಾತ್ರ ಕ್ಲೋರಿನ್ನಿನ ಸುಳಿವು ಇರುವುದಿಲ್ಲ. 2012ರಲ್ಲಿ ಇಚಲಕರಂಜಿಯಲ್ಲಿ ಕಾಮಾಲೆ ಹರಡಿದ ದಿನಗಳನ್ನು ಕಂಡ ಈ ಭಾಗದ ಜನರಿಗೆ ನೀರಿನ ಮೂಲಕ ಬರುವ ಕಾಮಾಲೆ ಎಂದರೇನು ಎಂದು ವಿವರಿಸಬೇಕಾಗಿಲ್ಲ. ಮೇಲಿನ ಘಟಕದ ಬ್ಲೋವರ್ ಕೆಳಗಿನ ಊರಿನ ಕ್ಲೋರಿನ್ನನ್ನು ಕಾಯುತ್ತದೆ ಎಂಬ ಈ ನಂಟು ಎರಡೂ ಕಡೆಯ ಬಜೆಟ್ ಸಭೆಗಳಲ್ಲಿ ಚರ್ಚೆಗೆ ಬಂದದ್ದನ್ನು ನಾನು ಕೇಳಿಲ್ಲ.

ಟಾಕಿಯ ಆರೋಗ್ಯ ತಿಳಿಯಲು ದುಬಾರಿ ಯಂತ್ರವೇನೂ ಬೇಡ. ಒಂದು ಲೀಟರಿನ ಗಾಜಿನ ಅಳತೆ ಸಿಲಿಂಡರಿನಲ್ಲಿ ಟಾಕಿಯ ನೀರು ತುಂಬಿ, ನೆರಳಿನಲ್ಲಿ ಅಲುಗಾಡದಂತೆ ಅರ್ಧ ಗಂಟೆ ಇಡಬೇಕು. ಒಳ್ಳೆಯ ಕೆಸರು ಮೊದಲ ಐದು ನಿಮಿಷಗಳಲ್ಲಿ ಚಾಕೊಲೇಟ್ ಬಣ್ಣದ ಅರಳೆಯಂತೆ ಒಂದಕ್ಕೊಂದು ಕೂಡಿಕೊಂಡು, ಮೇಲೆ ತಿಳಿನೀರಿನ ಗೆರೆ ಬಿಡುತ್ತ ಒಟ್ಟಾಗಿ ಇಳಿಯುತ್ತದೆ. ಅರ್ಧ ಗಂಟೆಗೆ 200ರಿಂದ 400 ಮಿಲಿಲೀಟರಿನ ನಡುವೆ ಬಂದು ನಿಂತರೆ ಆ ದಿನ ಚಿಂತೆಯಿಲ್ಲ. ಬೇಗ ಇಳಿದೂ ಮೇಲಿನ ನೀರಿನಲ್ಲಿ ಸೂಜಿಮೊನೆಯಷ್ಟು ಚೂರುಗಳು ತೇಲುತ್ತಿದ್ದರೆ ಕೆಸರು ಹಳತಾಗಿದೆ, ಸ್ವಲ್ಪ ಹೊರಗೆ ತೆಗೆಯಬೇಕು. ಎಷ್ಟು ಹೊತ್ತಾದರೂ 800ರ ಮೇಲೆಯೇ ನಿಂತು ಇಳಿಯದಿದ್ದರೆ, ದಾರದಂತಹ ಬ್ಯಾಕ್ಟೀರಿಯಾ ಬೆಳೆದಿರಬಹುದು, ಇಲ್ಲವೇ ಕೆಸರೇ ವಿಪರೀತ ಹೆಚ್ಚಾಗಿರಬಹುದು. ಕಬ್ಬಿನ ಹಂಗಾಮಿನಲ್ಲಿ ಬೆಲ್ಲದ ಗಾಣದ ತೊಳೆದ ನೀರು ಗಟಾರಕ್ಕೆ ಸೇರಿದ ವಾರ ಇಂತಹ ದಾರದ ಕೆಸರು ನೋಡಲು ಸಿಗುತ್ತದೆ, ಏಕೆಂದರೆ ಸಕ್ಕರೆ ಎಂದರೆ ಅವುಗಳಿಗೆ ಪ್ರಾಣ. ಇನ್ನೊಂದು ವಿಚಿತ್ರವಿದೆ. ಸಿಲಿಂಡರನ್ನು ಹಾಗೆಯೇ ಎರಡು ಗಂಟೆ ಬಿಟ್ಟರೆ ಕೂತಿದ್ದ ಕೆಸರು ಕೆಲವೊಮ್ಮೆ ಸಣ್ಣ ಗುಳ್ಳೆಗಳನ್ನು ಬಿಡುತ್ತ ತುಂಡುತುಂಡಾಗಿ ಮೇಲೇಳುತ್ತದೆ. ನೋಡಿದವರು ಹೆದರುತ್ತಾರೆ, ಆದರೆ ಅದು ನೈಟ್ರೇಟ್ ಒಡೆದು ನೈಟ್ರೊಜನ್ ಅನಿಲವಾಗುತ್ತಿರುವ ಗುರುತು, ಅಂದರೆ ಅಮೋನಿಯದ ಬ್ಯಾಕ್ಟೀರಿಯಾಗಳು ದುಡಿದಿವೆ ಎಂಬುದಕ್ಕೆ ಸಾಕ್ಷಿ.

ರೋಗಾಣುಗಳ ವಿಷಯದಲ್ಲಿ ಈ ಟಾಕಿಯನ್ನು ನಂಬಿ ಕೂರುವಂತಿಲ್ಲ. ಕಚ್ಚಾ ಕೊಳಚೆಯ 100 ಮಿಲಿಲೀಟರಿನಲ್ಲಿ ಮಲಜನ್ಯ ಕೋಲಿಫಾರ್ಮ್ ಹತ್ತು ಲಕ್ಷದಿಂದ ಕೋಟಿಯವರೆಗೆ ಇರುತ್ತವೆ; ಗಾಳಿಯ ಟಾಕಿ ಮತ್ತು ಕೆಸರನ್ನು ತಳಕ್ಕೆ ಕೂಡಿಸುವ ಟಾಕಿಗಳು ಅವುಗಳಲ್ಲಿ ನೂರಕ್ಕೆ 90ರಿಂದ 99ನ್ನು ಕಳೆದರೂ ಉಳಿಯುವ ಸಂಖ್ಯೆ ಸಾವಿರಗಳಲ್ಲಿ, ಲಕ್ಷಗಳಲ್ಲಿ ಇರುತ್ತದೆ. 2017ರ ಮಿತಿ 1,000. ಅಲ್ಲಿಗೆ ಮುಟ್ಟಲು ಕ್ಲೋರಿನ್ ಹಾಕಿ ಅರ್ಧ ಗಂಟೆ ತಡೆದು ಬಿಡುವುದು ರೂಢಿ. ಇಲ್ಲಿಯೂ ಅಮೋನಿಯ ಅಡ್ಡಬರುತ್ತದೆ, ಮತ್ತು ಅಳತೆ ತಪ್ಪಿ ಹೆಚ್ಚು ಕ್ಲೋರಿನ್ ಬಿಟ್ಟರೆ ಅದೇ ಮೀನಿಗೆ ವಿಷವಾಗುತ್ತದೆ. ಔಷಧಿಗಳ ಅಂಶ, ಭಾರಲೋಹಗಳಂತಹವುಗಳನ್ನು ಪೂರ್ತಿಯಾಗಿ ತೆಗೆಯುವುದು ಈ ಘಟಕದ ಕೈಮೀರಿದ ಮಾತು.

ಘಟಕದ ಕೆಲಸವನ್ನು ಹೊಳೆಯಲ್ಲಿ ಅಳೆಯುವವರು ಯಾವ ಹೊತ್ತಿಗೆ ಬರುತ್ತಾರೆ ಎಂಬುದೂ ಮುಖ್ಯ. ಹಸಿರುಗಟ್ಟಿದ ಬಾಂದಾರದ ನೀರಿನಲ್ಲಿ ಪಾಚಿ ಬಿಸಿಲಿಗೆ ಆಮ್ಲಜನಕವನ್ನು ಉಕ್ಕಿಸುತ್ತದೆ, ರಾತ್ರಿ ಅದನ್ನೇ ಉಸಿರಾಡಿ ಮುಗಿಸುತ್ತದೆ. ಮಧ್ಯಾಹ್ನ ಜೀಪಿನಲ್ಲಿ ಬಂದು ಬಾಟಲಿ ತುಂಬಿದವರಿಗೆ ಹೊಳೆ ಆರೋಗ್ಯವಾಗಿದೆ ಎಂಬ ವರದಿ ಸಿಗುತ್ತದೆ. ಸೂರ್ಯ ಹುಟ್ಟುವ ಮೊದಲು ಬಂದವರಿಗೆ ಬೇರೆಯೇ ಸಿಗುತ್ತದೆ. ಮೇಲಾಗಿ ಮಧ್ಯಾಹ್ನ ಪಾಚಿ ಪಿಎಚ್ ಏರಿಸಿದಾಗ ಅಮೋನಿಯದ ವಿಷವೂ ಏರುತ್ತದೆ: 30 ಡಿಗ್ರಿಯ ನೀರಿನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯದಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲದ, ಮೀನಿಗೆ ವಿಷವಾಗುವ ಮುಕ್ತ ಅಮೋನಿಯ, 8.5 ಆಗುವಾಗ 20 ಪಾಲು ಆಗುತ್ತದೆ. ನಾನು ನಸುಕಿನಲ್ಲಿ ಬಾಂದಾರಕ್ಕೆ ಹೋಗುವಾಗ ಎರಡು ಸಣ್ಣ ಶೀಶೆ ಒಯ್ಯುತ್ತಿದ್ದೆ. ಗಾಳಿಗುಳ್ಳೆ ಸೇರದಂತೆ ತುಂಬಿದ ನೀರಿನ ಬಾಟಲಿಗೆ ಮ್ಯಾಂಗನೀಸ್ ಸಲ್ಫೇಟನ್ನೂ ಕ್ಷಾರೀಯ ಅಯೊಡೈಡನ್ನೂ ಹಾಕಿ, ಬಿರಡೆ ಒತ್ತಿ, ತಲೆಕೆಳಗು ಮಾಡಿ ಅಲ್ಲಾಡಿಸಿದರೆ ಒಳಗೆ ಮೋಡದಂತಹ ಗಷ್ಟು ಏಳುತ್ತದೆ. ಅದು ಕಂದು ಬಣ್ಣಕ್ಕೆ ತಿರುಗಿದರೆ ನೀರಿನಲ್ಲಿ ಆಮ್ಲಜನಕ ಇದೆ. ಹಾಲಿನಂತೆ ಬೆಳ್ಳಗೆ ಉಳಿದರೆ ಇಲ್ಲ. ವಿಂಕ್ಲರ್ ಎಂಬಾತ 1888ರಲ್ಲಿ ಕಂಡುಹಿಡಿದ ಈ ವಿಧಾನದಲ್ಲಿ ನಿಖರ ಅಂಕಿಗೆ ಮುಂದೆ ಟೈಟ್ರೇಶನ್ ಎಂಬ ಹನಿಹನಿಯ ಅಳತೆ ಬೇಕು, ಆದರೆ ಪಂಪು ಚಾಲೂ ಮಾಡಲು ಬಂದ ರೈತನಿಗೆ ಬೆಳ್ಳಗಿನ ಬಾಟಲಿ ತೋರಿಸಲು ಟೈಟ್ರೇಶನ್ ಬೇಕಿರಲಿಲ್ಲ. ಕುಡಿಯುವ ನೀರಿಗಾಗಿ ಎತ್ತುವ ಹೊಳೆಯಲ್ಲಿ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಇರಬೇಕು, ಬಿಒಡಿ 3ನ್ನು ದಾಟಬಾರದು ಎಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣ.

ಬೇಸಿಗೆಯ ಎರಡು ತಿಂಗಳು ಘಟಕದ ನೀರನ್ನು ಹೊಳೆಗೆ ಬಿಡದೆ ಕಬ್ಬಿಗೆ ಕೊಟ್ಟುಬಿಡಿ ಎಂದು ಹಲವರು ಹೇಳುತ್ತಾರೆ. ಅರ್ಧ ನಾನೂ ಒಪ್ಪುತ್ತೇನೆ: ಹೊಳೆಯಲ್ಲಿ ಅಂತರಗಂಗೆಯನ್ನು ಬೆಳೆಸುವ ನೈಟ್ರೊಜನ್ ಮತ್ತು ರಂಜಕಗಳು ಹೊಲದಲ್ಲಿ ಗೊಬ್ಬರವಾಗುತ್ತವೆ, ಗಡ್ಡೆ, ಸೊಪ್ಪು ಬಿಟ್ಟು ಕಬ್ಬಿಗೆ ಹಾಯಿಸಿದರೆ ರೋಗದ ಭಯವೂ ಕಡಿಮೆ. ಆದರೆ ಸರದಿಯ ನೀರು ಬಾರದ ವಾರಗಳಲ್ಲಿ ಕೆಳಗಿನ ಬಾಂದಾರಕ್ಕೆ ಬರುವ ನೀರು ಅದೊಂದೇ ಆಗಿರಬಹುದು, ಅದನ್ನೂ ಮೇಲಿನವರೇ ಹೀರಿಕೊಂಡರೆ ಗಡಿಯಾಚೆಯ ಊರಿಗೆ ಉಳಿಯುವುದೇನು? ಚೆನ್ನಾಗಿ ಶುದ್ಧವಾದ ನೀರು ಹೊಳೆಗೆ ಹೊರೆಯಾಗುವ ಬದಲು ಹೊಳೆಯ ಆಧಾರವೇ ಆಗಬಲ್ಲದು, ಬಿಒಡಿ ಹತ್ತರೊಳಗೆ ಬಂದು ಅಮೋನಿಯ ಒಂದೆರಡಕ್ಕೆ ಇಳಿದಿದ್ದರೆ.

ಇನ್ನು ಕೆಸರಿನ ಮಾತು. ದೇಶದಲ್ಲಿ ಘಟಕ ಕಟ್ಟುವುದಕ್ಕೂ ನಡೆಸುವುದಕ್ಕೂ ಇರುವ ಅಂತರ ದೊಡ್ಡದು: ಕೇಂದ್ರ ಮಂಡಳಿಯ 2021ರ ವರದಿಯ ಪ್ರಕಾರ ನಗರಗಳಲ್ಲಿ ದಿನಕ್ಕೆ 7,236.8 ಕೋಟಿ ಲೀಟರ್ ಕೊಳಚೆ ಹುಟ್ಟುತ್ತದೆ, ಕಟ್ಟಿದ ಘಟಕಗಳ ಸಾಮರ್ಥ್ಯ 3,184.1 ಕೋಟಿ, ನಿಜವಾಗಿ ಶುದ್ಧೀಕರಣವಾಗುವುದು 2,023.6 ಕೋಟಿ. ಆ ಮೂರನೆಯ ಅಂಕಿಯೊಳಗೂ ಒಂದು ಗುಟ್ಟಿದೆ. ಶುದ್ಧೀಕರಣವೆಂದರೆ ನೀರಿನ ಹೊಲಸನ್ನು ಬಹುಪಾಲು ಕೆಸರಾಗಿ ಬದಲಿಸುವುದು. ಆ ಕೆಸರು ನೀರಿನಿಂದ ಬೇರೆಯಾಗಿ ಗೇಟು ದಾಟಿ ಹೋಗುವವರೆಗೆ ಕೆಲಸ ಮುಗಿದಿಲ್ಲ. ಒಣಗಿಸುವ ಹಾಸುಗಳಲ್ಲಿ ಜಾಗವಿಲ್ಲ, ಎತ್ತುವ ಕಾಂಟ್ರ್ಯಾಕ್ಟಿನ ಬಿಲ್ಲು ಆಗಿಲ್ಲ ಎಂಬ ಕಾರಣಗಳಿಗೆ ಕೆಸರನ್ನು ಟಾಕಿಯಲ್ಲೇ ತಿಂಗಳುಗಟ್ಟಲೆ ಕೂಡಿಹಾಕುವ ಘಟಕಗಳಿವೆ. ಬೇಸಿಗೆಯಲ್ಲಿ ಹರಿವು ಒಂದೇ ಸಮ ಇರುವುದರಿಂದ ಏನೂ ಆಗದಂತೆ ಕಾಣುತ್ತದೆ. ರೋಹಿಣಿ ಮಳೆಯೋ ಮೃಗಶಿರವೋ ಜೋರಾಗಿ ಹೊಡೆದ ರಾತ್ರಿ, ತೆರೆದ ಗಟಾರಗಳ ಮಳೆನೀರೆಲ್ಲ ಘಟಕಕ್ಕೆ ನುಗ್ಗಿ ಹರಿವು ಎರಡು ಮೂರು ಪಟ್ಟಾಗುತ್ತದೆ, ಮತ್ತು ಕೂಡಿಸುವ ಟಾಕಿಯಲ್ಲಿ ಅಂಚಿನವರೆಗೆ ತುಂಬಿದ್ದ ಕೆಸರು ಟಾಕಿಯ ದಂಡೆಯ ಮೇಲಿಂದ ಉಕ್ಕಿ ಹೊಳೆಗೆ ಇಳಿಯುತ್ತದೆ. ಅದೇ ವಾರ ಬಾಂದಾರದ ಹಲಗೆಗಳನ್ನು ತೆಗೆಯುತ್ತಾರೆ. ತಳದಲ್ಲಿ ಕೂತಿದ್ದ ಕರಿ ರಾಡಿಯೂ ಕದಡಿಕೊಂಡು ಜೊತೆಗೆ ಹೋಗುತ್ತದೆ. ಜೂನ್ ತಿಂಗಳ ಮೊದಲ ಮಳೆಗೆ ಮೀನು ಸಾಯುವುದಕ್ಕೆ ಜನ ಹಲವು ಕಾರಣ ಹೇಳುತ್ತಾರೆ, ಕಾರಣಗಳು ಹಲವಿರಲೂಬಹುದು, ಆದರೆ ಘಟಕದ ಪಾಲು ಎಷ್ಟೆಂದು ತಿಳಿಯಬೇಕಾದರೆ ಆ ರಾತ್ರಿಯ ಮೊದಲು ಮತ್ತು ನಂತರದ ಟಾಕಿಯ ಕೆಸರಿನ ಅಳತೆಯನ್ನು ಹೋಲಿಸಿದರೆ ಸಾಕು.

ಉಸುಕಿನ ಹಾಸಿನ ಮೇಲೆ ಒಂದು ಗೇಣು ದಪ್ಪ ಸುರಿದ ಕೆಸರು ಏಪ್ರಿಲ್ ಬಿಸಿಲಿಗೆ ಹತ್ತು ಹದಿನೈದು ದಿನಗಳಲ್ಲಿ ಬಿರುಕುಬಿಟ್ಟು ಸಲಿಕೆಗೆ ಏಳುತ್ತದೆ, ಮಳೆಗಾಲದಲ್ಲಿ ಏಳುವುದೇ ಇಲ್ಲ. ಆದ್ದರಿಂದ ಮೇ ತಿಂಗಳ ನಡುವಿನೊಳಗೆ ಹಾಸುಗಳನ್ನು ಎರಡು ಸುತ್ತು ತುಂಬಿ ಖಾಲಿಮಾಡಿ, ಟಾಕಿಯ ಕೆಸರನ್ನು ಬೇಕಾದ ಮಟ್ಟಕ್ಕೆ ಇಳಿಸಿಕೊಂಡಿರಬೇಕು. ಅದಕ್ಕೆ ಬೇಕಾದ ಕೂಲಿ ಮತ್ತು ಟ್ರ್ಯಾಕ್ಟರಿನ ಖರ್ಚನ್ನು ನಗರಪರಿಷತ್ತು ಮಾರ್ಚ್ ತಿಂಗಳ ಬಜೆಟ್ಟಿನಲ್ಲೇ ಎತ್ತಿಟ್ಟಿರಬೇಕು.